ಮುಂಬಯಿಯ ತೇವದಲ್ಲಿ ಟೋನರ್ ಬೋರ್ಡು

ಇಸ್ತ್ರಿ ಪೆಟ್ಟಿಗೆ, ಲೇಸರ್ ಪ್ರಿಂಟು, ಫೆರಿಕ್ ಕ್ಲೋರೈಡು. ಮನೆಯಲ್ಲಿ ಪಿಸಿಬಿ, ಅಂದರೆ ಬಿಡಿಭಾಗಗಳನ್ನು ತಾಮ್ರದ ಗೆರೆಗಳಿಂದ ಜೋಡಿಸುವ ಬೋರ್ಡು, ಮಾಡಲು ಇಷ್ಟಿದ್ದರೆ ಸಾಕು ಅನ್ನುತ್ತಾರೆ: ಪ್ರಿಂಟಿನ ಟೋನರನ್ನು ಇಸ್ತ್ರಿಯ ಬಿಸಿಯಲ್ಲಿ ತಾಮ್ರಕ್ಕೆ ಹತ್ತಿಸಿ, ಟೋನರ್ ಇಲ್ಲದ ಕಡೆಯ ತಾಮ್ರವನ್ನು ಫೆರಿಕ್ ದ್ರಾವಣದಲ್ಲಿ ಕರಗಿಸುವುದು. ಬೋರ್ಡು ಕೆಟ್ಟಾಗ ತಪ್ಪು ಯಾವಾಗಲೂ ಇಸ್ತ್ರಿ ಪೆಟ್ಟಿಗೆಯ ತಲೆಗೆ: ಬಿಸಿ ಸಾಲಲಿಲ್ಲ, ಒತ್ತಿದ್ದು ಸಾಲಲಿಲ್ಲ. ಡೊಂಬಿವಲಿ, ಠಾಣೆ, ಮಾಟುಂಗಾದ ಫ್ಲ್ಯಾಟುಗಳ ಅಡುಗೆಕಟ್ಟೆಯ ಮೇಲೆ ಈ ಕೆಲಸ ಮಾಡಿಕೊಂಡು ಬಂದವರಿಗೆ ಗೊತ್ತಿರುವ ಶತ್ರು ಬೇರೆ. ಅದು ತೇವ. ಜುಲೈ ತಿಂಗಳಲ್ಲಿ ಇಲ್ಲಿನ ಗಾಳಿಯ ಸರಾಸರಿ ಆರ್ದ್ರತೆ ಶೇಕಡಾ 80ನ್ನು ದಾಟುತ್ತದೆ. ಆ ತೇವ ಕಾಗದದೊಳಗೆ ಕೂರುತ್ತದೆ, ತಾಮ್ರದ ಮೇಲೆ ಕೂರುತ್ತದೆ, ಫೆರಿಕ್ ಡಬ್ಬಿಯೊಳಗೂ ಇಳಿಯುತ್ತದೆ. ಏಪ್ರಿಲ್‌ನ ಒಣ ಮಧ್ಯಾಹ್ನದಲ್ಲಿ ಪುಣೆಯವರು ಮಾಡುವ ಬೋರ್ಡು ಅದೇ ಪ್ರಿಂಟು, ಅದೇ ಇಸ್ತ್ರಿಯಲ್ಲಿ ಸಲೀಸಾಗಿ ಬರುವುದಕ್ಕೆ ಕಾರಣ ಇದೇ.

ಒಂದು ಬೋರ್ಡನ್ನು ಮೊದಲಿಂದ ಕೊನೆಯವರೆಗೆ ಹಿಡಿದು ಹೇಳುತ್ತೇನೆ. ಸೊಸೈಟಿಯ ಮಾಳಿಗೆಯ ಟ್ಯಾಂಕಿನಲ್ಲಿ ನೀರು ಎಷ್ಟಿದೆಯೆಂದು ಕೆಳಗೆ ತೋರಿಸುವ ಬೋರ್ಡು ಇದು. ಎಲ್‌ಇಡಿಗಳನ್ನು ಹೊತ್ತಿಸುವ ಒಂದು ಯುಎಲ್‌ಎನ್ 2803 ಐಸಿ, ಎಂಟು ಎಲ್‌ಇಡಿ, ಅವಕ್ಕೆ ಎಂಟು 1 ಕಿಲೋ ಓಮ್ ರೆಸಿಸ್ಟರು, ಟ್ಯಾಂಕಿನಿಂದ ಬರುವ ತಂತಿಗಳಿಗೆ ಸ್ಕ್ರೂ ಟರ್ಮಿನಲ್ಲು, 12 ವೋಲ್ಟಿನ ಅಡಾಪ್ಟರು. ಅಳತೆ 80 × 60 ಮಿ.ಮೀ., ತಾಮ್ರ ಒಂದೇ ಬದಿಗೆ. ಪಂಪು ಓಡಿಸುವ 230 ವೋಲ್ಟನ್ನು ಇದರ ಮೇಲೆ ತರಲೇಬೇಡಿ. ಮನೆಯ ಬೋರ್ಡಿಗೆ ಸೋಲ್ಡರ್ ಮಾಸ್ಕ್, ಅಂದರೆ ತಾಮ್ರವನ್ನು ಕಾಯುವ ಲೇಪ, ಇರುವುದಿಲ್ಲ. ಉಪ್ಪುಗಾಳಿಯಲ್ಲಿ ಟ್ರ್ಯಾಕುಗಳ, ಅಂದರೆ ತಾಮ್ರದ ಗೆರೆಗಳ, ನಡುವೆ ಕೂರುವ ಧೂಳು, ತೇವ ಎರಡೂ ಸೇರಿದರೆ ವಿದ್ಯುತ್ತು ಅದರ ಮೇಲೇ ಹರಿಯಲು ದಾರಿ ಮಾಡಿಕೊಳ್ಳುತ್ತದೆ. ಆ ಕೆಲಸಕ್ಕೆ ಸಿದ್ಧ ರಿಲೇ ಮಾಡ್ಯೂಲು ಬೇರೆ ಪೆಟ್ಟಿಗೆಯಲ್ಲಿರಲಿ.

ಸಾಮಾನಿಗೆ ಗ್ರಾಂಟ್ ರೋಡ್ ಸ್ಟೇಷನ್ನಿನ ಪೂರ್ವಕ್ಕೆ ಇಳಿದು ಲ್ಯಾಮಿಂಗ್ಟನ್ ರೋಡಿಗೆ ಹೋಗಬೇಕು. ಫಲಕದ ಮೇಲೆ ಡಾ. ದಾದಾಸಾಹೇಬ್ ಭಡ್ಕಮ್ಕರ್ ಮಾರ್ಗ ಎಂದಿದ್ದರೂ ಅಂಗಡಿಯವರು ಹಳೆಯ ಹೆಸರನ್ನೇ ಹೇಳುತ್ತಾರೆ. ಭಾನುವಾರ ಬಹುತೇಕ ಬಾಗಿಲು ಮುಚ್ಚಿರುತ್ತದೆ. ಪುಣೆಯವರಿಗೆ ಬುಧವಾರ ಪೇಟೆಯ ತಪಕೀರ್ ಗಲ್ಲಿ ಇದೆ. ಕಾಪರ್ ಕ್ಲ್ಯಾಡ್, ಅಂದರೆ ತಾಮ್ರ ಹೊದಿಸಿದ ಹಾಳೆ, ಕೇಳಿದರೆ ಎರಡು ಬಗೆ ತೋರಿಸುತ್ತಾರೆ. ಕಂದು ಬಣ್ಣದ್ದು ಪೇಪರ್ ಫಿನಾಲಿಕ್. ಅಗ್ಗ, ಡ್ರಿಲ್ಲಿಗೆ ಮೆತ್ತಗೆ. ಆದರೆ ತೇವ ಹೀರುತ್ತದೆ, ಇಸ್ತ್ರಿಯ ಬಿಸಿಗೆ ಬಾಗುತ್ತದೆ, ಬೆಸುಗೆ ಹಾಕುವಾಗ ಪ್ಯಾಡು (ಬಿಡಿಭಾಗದ ಕಾಲನ್ನು ಬೆಸೆಯುವ ತಾಮ್ರದ ಬಿಲ್ಲೆ) ಏಳುತ್ತದೆ. ತಿಳಿ ಹಸಿರು ಹಳದಿಯದ್ದು ಗ್ಲಾಸ್ ಎಪಾಕ್ಸಿ, ಅಂದರೆ ಎಫ್‌ಆರ್-4. ಮುಂಬಯಿಗೆ ಇದೇ ಸರಿ. ದಪ್ಪ 1.6 ಮಿ.ಮೀ., ತಾಮ್ರ 35 ಮೈಕ್ರಾನ್ ಎಂದು ಕೇಳಿ ತೆಗೆದುಕೊಳ್ಳಿ. ಅಂಗಡಿಯಲ್ಲೇ ತಾಮ್ರದ ಮುಖ ನೋಡಿ: ಕಪ್ಪು ಕಲೆ, ಬೆರಳಚ್ಚು ಇದ್ದರೆ ಉಜ್ಜಿ ತೆಗೆಯಬಹುದು, ಆಳವಾದ ಗೀರಿದ್ದರೆ ಬೇರೆ ಹಾಳೆ ಕೇಳಿ. ಫೆರಿಕ್ ಕ್ಲೋರೈಡು ಗಟ್ಟಿಯಾಗಿ 100 ಗ್ರಾಮಿನ ಪೊಟ್ಟಣದಲ್ಲಿ ಸಿಗುತ್ತದೆ. ತುಂಡುಗಳು ಒಂದಕ್ಕೊಂದು ಅಂಟಿ ಒಸರುತ್ತಿದ್ದರೂ ಕೆಲಸಕ್ಕೆ ಬರುತ್ತದೆ, ಆದರೆ ತೂಕದಲ್ಲಿ ಅರ್ಧ ನೀರನ್ನು ಕೊಂಡ ಹಾಗೆ.

ಡಿಸೈನಿನಲ್ಲಿ ಹಿಡಿತ ಇರಲಿ. ಟೋನರಿನಿಂದ 0.25 ಮಿ.ಮೀ. ಟ್ರ್ಯಾಕೂ ಬರುತ್ತದೆ ಎಂಬುದು ನಿಜ. ಆದರೆ ಫೆರಿಕ್ ದ್ರಾವಣ ತಾಮ್ರವನ್ನು ಮೇಲಿನಿಂದ ತಿನ್ನುವಷ್ಟೇ ಪಕ್ಕದಿಂದಲೂ ತಿನ್ನುತ್ತದೆ. 35 ಮೈಕ್ರಾನ್ ಆಳ ಇಳಿಯುವ ಹೊತ್ತಿಗೆ ಎರಡೂ ಪಕ್ಕದಿಂದ ಹತ್ತಿರ ಹತ್ತಿರ ಅಷ್ಟೇ ಹೋಗಿರುತ್ತದೆ, ಹೆಚ್ಚು ಹೊತ್ತು ಬಿಟ್ಟರೆ ಇನ್ನೂ ಹೋಗುತ್ತದೆ. ಹಾಗಾಗಿ ಜಾಗ ಇರುವಲ್ಲಿ ಟ್ರ್ಯಾಕು 0.8 ಮಿ.ಮೀ., ಇಕ್ಕಟ್ಟಿನಲ್ಲಿ 0.4 ಮಿ.ಮೀ., ನಡುವಿನ ಅಂತರ ಕನಿಷ್ಠ 0.4 ಮಿ.ಮೀ. ಐಸಿಯ ಎರಡು ಕಾಲುಗಳ ನಡುವಿನಿಂದ ಟ್ರ್ಯಾಕು ಎಳೆಯಲೇಬೇಕಾದರೆ ಪ್ಯಾಡಿನ ಅಗಲ 1.6 ಮಿ.ಮೀ.ಗೆ ಇಳಿಸಿ. ಕಾಲುಗಳ ಅಂತರ 2.54 ಮಿ.ಮೀ. ಇರುವುದರಿಂದ 0.94 ಮಿ.ಮೀ. ಉಳಿಯುತ್ತದೆ. ಅದರಲ್ಲಿ 0.3 ಮಿ.ಮೀ. ಟ್ರ್ಯಾಕು ಹಾಕಿದರೆ ಎರಡೂ ಕಡೆ 0.32 ಮಿ.ಮೀ. ಸಿಗುತ್ತದೆ. ಉಳಿದ ಪ್ಯಾಡುಗಳು 1.8ರಿಂದ 2 ಮಿ.ಮೀ. ಇರಲಿ. ಕೈಯಲ್ಲಿ ಕೊರೆಯುವಾಗ ರಂಧ್ರ ಸ್ವಲ್ಪ ಸರಿದರೂ ಬೆಸುಗೆಗೆ ತಾಮ್ರ ಉಳಿಯಬೇಕು.

ಬೋರ್ಡು ಡಿಸೈನ್ ಮಾಡುವ ತಂತ್ರಾಂಶ ಕೈಕ್ಯಾಡ್‌ನಲ್ಲಿ ಪ್ಲಾಟ್ ಮಾಡುವಾಗ ಡ್ರಿಲ್ ಗುರುತನ್ನು ಸಣ್ಣದಕ್ಕೆ ಇಡಿ. ಪ್ಯಾಡಿನ ನಡುವೆ ಉಳಿಯುವ ಚಿಕ್ಕ ಬಿಳಿ ಚುಕ್ಕೆ ಆಮೇಲೆ ತಾಮ್ರದಲ್ಲಿ ಗುಳಿಯಾಗಿ ಡ್ರಿಲ್ಲಿನ ಮೊನೆಯನ್ನು ಹಿಡಿದುಕೊಳ್ಳುತ್ತದೆ. ಕನ್ನಡಿಬಿಂಬದ ವಿಷಯದಲ್ಲಿ ತಲೆ ಕೆಡಿಸಿಕೊಳ್ಳುವವರು ಬಹಳ. ಪರದೆಯ ಮೇಲೆ ಕೆಳಪದರವನ್ನು ನಾವು ಮೇಲಿನಿಂದ, ಬೋರ್ಡಿನ ಮೂಲಕ ನೋಡುತ್ತಿರುತ್ತೇವೆ, ಆದ್ದರಿಂದ ಅದು ಆಗಲೇ ತಿರುವಾಗಿದೆ. ಹಾಗೆಯೇ ಪ್ರಿಂಟು ತೆಗೆದು ತಾಮ್ರದ ಮೇಲೆ ಮಗುಚಿದರೆ ನೇರವಾಗುತ್ತದೆ. ಕೆಳಪದರಕ್ಕೆ ಮಿರರ್ ಬೇಡ, ಮೇಲ್ಪದರಕ್ಕೆ ಬೇಕು. ಅನುಮಾನ ಉಳಿಯದಿರಲು ಕೆಳಪದರದ ಮೂಲೆಯಲ್ಲಿ ಎರಡಕ್ಷರ ಬರೆದಿಡಿ. ಕಾಗದದ ಮೇಲೆ ಅದು ಉಲ್ಟಾ ಕಂಡರೆ ಸರಿ.

ಈ ಬೋರ್ಡಿಗೆ ವಿಶೇಷವಾದ ಒಂದು ಮಾತು: ಟ್ಯಾಂಕಿನ ನೀರಿನ ಮೂಲಕ ಇನ್‌ಪುಟ್ಟುಗಳಿಗೆ ಮರಳುವ 12 ವೋಲ್ಟನ್ನು ಕಳಿಸುವ ಟರ್ಮಿನಲ್ಲನ್ನು ಎಂಟು ಇನ್‌ಪುಟ್ ಟರ್ಮಿನಲ್ಲುಗಳಿಂದ ದೂರ ಇಟ್ಟು, ನಡುವೆ ಗ್ರೌಂಡಿನ ಟ್ರ್ಯಾಕೊಂದನ್ನು ಓಡಿಸಿ. ಯಾಕೆಂದು ಕೊನೆಯಲ್ಲಿ ಹೇಳುತ್ತೇನೆ.

ಪ್ರಿಂಟು ಲೇಸರಿನದ್ದೇ ಆಗಬೇಕು. ಟೋನರ್ ಎಂದರೆ ಬಣ್ಣ ಸೇರಿಸಿದ ನುಣುಪಾದ ಪ್ಲಾಸ್ಟಿಕ್ ಪುಡಿ. ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಅದು ಮೆತ್ತಗಾಗತೊಡಗಿ, 100 ದಾಟಿದ ಮೇಲೆ ಹರಿಯುವಂತಾಗುತ್ತದೆ. ಇಂಕ್‌ಜೆಟ್ಟಿನ ಶಾಯಿಗೆ ಆ ಗುಣವಿಲ್ಲ. ಎಲ್ಲ ಟೋನರೂ ಒಂದೇ ಬಿಸಿಗೆ ಕರಗುವುದಿಲ್ಲ, ಕೆಲವು ಮೊಂಡು. ಝೆರಾಕ್ಸ್ ಅಂಗಡಿಯಲ್ಲಿ ತೆಗೆಸುವುದಾದರೆ ಚೆನ್ನಾಗಿ ಬಂದ ಅಂಗಡಿಯನ್ನೇ ಬಿಡದೆ ಹಿಡಿದುಕೊಳ್ಳಿ. ಟೋನರ್ ಉಳಿತಾಯ ಬಂದ್, ಕಪ್ಪು ಪೂರ್ತಿ, ಅಳತೆ ಶೇಕಡಾ 100, ಪುಟಕ್ಕೆ ಹೊಂದಿಸು ಎಂಬುದು ಬೇಡವೇ ಬೇಡ. ಪ್ರಿಂಟಿನ ಮೇಲೆ ಐಸಿಯನ್ನೇ ಇಟ್ಟು ಹದಿನೆಂಟೂ ಕಾಲು ಪ್ಯಾಡಿನ ಮೇಲೆ ಬೀಳುತ್ತವೆಯೇ ನೋಡಿ. ಬೆಳಕಿಗೆ ಹಿಡಿದಾಗ ಕಪ್ಪಿನಲ್ಲಿ ಸೂಜಿಮೊನೆಯ ಬೆಳಕು ಕಂಡರೆ ಆ ಹಾಳೆ ಬೇಡ.

ಕಾಗದಕ್ಕೆ ರದ್ದಿವಾಲನ ಹತ್ತಿರ ಸಿಗುವ ಹಳೆಯ ಮ್ಯಾಗಝಿನ್ನಿನ ನುಣುಪು ಹಾಳೆ ಚೆನ್ನಾಗಿ ನಡೆಯುತ್ತದೆ. ಅದರ ಮೇಲಿನ ಜೇಡಿಯ ಲೇಪ ನೀರಿನಲ್ಲಿ ಬಿಡುತ್ತದೆ. ಅದರ ಮೇಲಿನ ಅಚ್ಚಿನ ಶಾಯಿ ತೊಂದರೆ ಕೊಡುವುದಿಲ್ಲ, ತಾಮ್ರಕ್ಕೆ ಹತ್ತುವುದು ಟೋನರ್ ಮಾತ್ರ. 130 ಜಿಎಸ್‌ಎಮ್ ಇಂಕ್‌ಜೆಟ್ ಗ್ಲಾಸಿ ಹಾಳೆಯೂ ಆಗುತ್ತದೆ, ಆದರೆ ಒಂದು ಮೂಲೆ ಹರಿದು ನೋಡಿ. ಹರಿದಲ್ಲಿ ಪ್ಲಾಸ್ಟಿಕ್ಕಿನ ತೆಳು ಪೊರೆ ಎಳೆದು ಬಂದರೆ ಅದು ರೆಸಿನ್ ಲೇಪದ್ದು. ಲೇಸರ್ ಪ್ರಿಂಟರಿನ ಬಿಸಿ ರೋಲರಿಗೆ ಅದು ಕರಗಿ ಅಂಟಿದರೆ ಪ್ರಿಂಟರೇ ಹೋಗುತ್ತದೆ. ಅಂಗಡಿಯವರ ಯಂತ್ರಕ್ಕೆ ಅಂಥದ್ದನ್ನು ಕೊಡಲೇಬಾರದು.

ಈಗ ತೇವದ ಮಾತು. ಮಳೆಗಾಲದಲ್ಲಿ ಹೊರಗಿಟ್ಟ ಹಾಳೆಯೊಳಗಿನ ನೀರು ಇಸ್ತ್ರಿ ಒತ್ತಿದ ಕ್ಷಣ ಆವಿಯಾಗುತ್ತದೆ. ಒಂದು ಕಡೆ ತಾಮ್ರ, ಇನ್ನೊಂದು ಕಡೆ ಇಸ್ತ್ರಿ, ನಡುವೆ ಲೇಪ ಹಚ್ಚಿದ ಕಾಗದ. ಆವಿಗೆ ಹೋಗಲು ದಾರಿಯಿಲ್ಲದೆ ಅದು ಕಾಗದವನ್ನು ಎತ್ತುತ್ತದೆ, ಟೋನರಿನಲ್ಲಿ ಗುಳ್ಳೆ ಬೀಳುತ್ತದೆ. ನೋಡುವವರು ಬಿಸಿ ಸಾಲಲಿಲ್ಲವೆಂದು ಇಸ್ತ್ರಿಯನ್ನು ಇನ್ನಷ್ಟು ಏರಿಸುತ್ತಾರೆ, ಆವಿ ಇನ್ನಷ್ಟು ಏಳುತ್ತದೆ. ಪರಿಹಾರ ಸುಲಭ. ಖಾಲಿ ಹಾಳೆಯನ್ನೇ ಒಮ್ಮೆ ಪ್ರಿಂಟರಿನೊಳಗೆ ಓಡಿಸಿ. ಒಳಗಿನ ಬಿಸಿ ರೋಲರು ನೀರನ್ನು ತೆಗೆಯುತ್ತದೆ. ಕಾಗದ ಕುಗ್ಗುವುದಿದ್ದರೆ ಆಗಲೇ ಕುಗ್ಗುತ್ತದೆ, ಆಮೇಲೆ ಅಳತೆ ತಪ್ಪುವುದಿಲ್ಲ. ಕೂಡಲೇ ಅದೇ ಹಾಳೆಯ ಮೇಲೆ ಪ್ರಿಂಟು ತೆಗೆದು, ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಜಿಪ್ ಚೀಲಕ್ಕೆ ಸೇರಿಸಿ. ಮಳೆಗಾಲದಲ್ಲಿ ಪ್ರಿಂಟಾದ ದಿನವೇ ಇಸ್ತ್ರಿಯಾಗಲಿ.

ಕ್ಲ್ಯಾಡನ್ನು ಅಕ್ರಿಲಿಕ್ ಕಟ್ಟರಿನಿಂದ ಎರಡೂ ಬದಿ ಗೀರಿ, ಮೇಜಿನ ಅಂಚಿಗೆ ಹಿಡಿದು ಮುರಿಯಿರಿ. ಮುರಿದ ಅಂಚಿನಲ್ಲಿ ತಾಮ್ರದ ಏಣು ಎದ್ದಿರುತ್ತದೆ, ಅರದಿಂದ ಸವರಿ ತೆಗೆಯಿರಿ. ಕೂದಲೆಳೆಯಷ್ಟು ಏಣು ಉಳಿದರೂ ಇಸ್ತ್ರಿ ಅದರ ಮೇಲೆ ನಿಂತು ನಡುಭಾಗಕ್ಕೆ ಒತ್ತಡ ಸಿಗುವುದಿಲ್ಲ. ಆಮೇಲೆ ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರಿಗೆ ಪಾತ್ರೆ ಪುಡಿ ಹಾಕಿ, ಸುತ್ತು ಸುತ್ತಾಗಿ, ಮುಖ ಪೂರ್ತಿ ಒಂದೇ ಬಣ್ಣಕ್ಕೆ ಬರುವ ತನಕ ಉಜ್ಜಿ. ನಲ್ಲಿ ನೀರು ಹಿಡಿದರೆ ನೀರು ಇಡೀ ಮುಖದ ಮೇಲೆ ಒಂದೇ ಪೊರೆಯಾಗಿ ನಿಲ್ಲಬೇಕು. ಎಲ್ಲಾದರೂ ಹನಿಯಾಗಿ ಒಡೆದರೆ ಅಲ್ಲಿ ಜಿಡ್ಡಿದೆ, ಮತ್ತೆ ಉಜ್ಜಿ. ಒರೆಸಿ, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಸವರಿ, ಅಂಚಿನಲ್ಲಷ್ಟೇ ಹಿಡಿಯಿರಿ. ಉಗುರಿನ ಬಣ್ಣ ತೆಗೆಯುವ ದ್ರವ ಇಲ್ಲಿ ಬೇಡ, ಅದರಲ್ಲಿ ಎಣ್ಣೆಯಂಶ ಸೇರಿರುತ್ತದೆ. ಉಜ್ಜಿದ ತಾಮ್ರವನ್ನು ನಾಳೆಗೆಂದು ಇಡಬೇಡಿ. ಕಡಲಗಾಳಿಗೆ ಅದು ರಾತ್ರಿ ಕಳೆಯುವುದರೊಳಗೆ ಮಂಕಾಗುತ್ತದೆ.

ಇಸ್ತ್ರಿ ಹಬೆಯದ್ದಾಗಿರದಿದ್ದರೆ ಒಳ್ಳೆಯದು. ಹಬೆಯ ತೂತುಗಳಿರುವ ತಳದಲ್ಲಿ ತೂತಿನ ಕೆಳಗಿನ ಜಾಗ ತಣ್ಣಗಿರುತ್ತದೆ. 750 ಅಥವಾ 1000 ವ್ಯಾಟಿನ ಸಾದಾ ಇಸ್ತ್ರಿ, ಕಾಟನ್ನಿಗೆ ತಿರುಗಿಸಿ, ದೀಪ ಒಮ್ಮೆ ಆರುವ ತನಕ ಕಾಯಿರಿ. ಕೆಳಗೆ ಮರದ ಹಲಗೆ. ಗ್ರಾನೈಟು ಕಟ್ಟೆಯ ಮೇಲೆ ನೇರವಾಗಿ ಇಟ್ಟರೆ ಕಲ್ಲು ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ. ಮೊದಲು ಬರೀ ಬೋರ್ಡಿನ ಮೇಲೆ ಇಸ್ತ್ರಿಯನ್ನು ಅರ್ಧ ನಿಮಿಷ ಇಡಿ. ಇದರಿಂದ ತಾಮ್ರದ ಮೇಲೆ ಉಳಿದ ತೇವ ಹೋಗುತ್ತದೆ, ಟೋನರೂ ತಗುಲಿದ ಕೂಡಲೇ ಹಿಡಿಯುತ್ತದೆ. ಪ್ರಿಂಟನ್ನು ಮಗುಚಿ ಇಡುವಾಗ ಕೈ ಗಟ್ಟಿಯಿರಲಿ, ಬಿಸಿ ತಾಮ್ರಕ್ಕೆ ತಗುಲಿದ ಮೇಲೆ ಸರಿಸುವಂತಿಲ್ಲ. ಸರಿದರೆ ಟ್ರ್ಯಾಕು ಎರಡೆರಡಾಗಿ ಮೂಡುತ್ತದೆ.

ಮೇಲೆ ಒಂದು ಸಾದಾ ಹಾಳೆ ಹಾಕಿ. ಮೊದಲ ಅರ್ಧ ನಿಮಿಷ ಇಸ್ತ್ರಿಯನ್ನು ಆಡಿಸದೆ ಮೈಭಾರ ಹಾಕಿ ಒತ್ತಿ. ಕಾಗದ ಹಿಡಿದ ಮೇಲೆ ಇಸ್ತ್ರಿಯ ಮೊನೆಯಿಂದ ನಡುವಿನಿಂದ ಅಂಚಿಗೆ, ಮೂಲೆ ಮೂಲೆಗೆ, ಒಟ್ಟು ಮೂರರಿಂದ ನಾಲ್ಕು ನಿಮಿಷ. ಅಂಚುಗಳೇ ಮೊದಲು ತಣಿಯುವುದು, ಟ್ರ್ಯಾಕು ಏಳುವುದೂ ಅಲ್ಲೇ. ಆಗಿದೆಯೋ ಇಲ್ಲವೋ ಎಂಬುದನ್ನು ಕಾಗದದ ಹಿಂಬದಿ ಹೇಳುತ್ತದೆ: ಟೋನರ್ ತಾಮ್ರಕ್ಕೆ ಕೂತಲ್ಲಿ ಟ್ರ್ಯಾಕಿನ ನೆರಳು ತೆಳುವಾಗಿ ಮೂಡುತ್ತದೆ. ಅತಿಯಾಗಿ ಒತ್ತಿದರೂ ಕೆಡುತ್ತದೆ. ಕರಗಿದ ಟೋನರ್ ಪಕ್ಕಕ್ಕೆ ಹಿಸುಕಿ, ಐಸಿಯ ಕಾಲುಗಳ ನಡುವೆ ಎಳೆದ 0.3 ಮಿ.ಮೀ. ಟ್ರ್ಯಾಕು ಪ್ಯಾಡಿಗೆ ಸೇರಿಕೊಳ್ಳುತ್ತದೆ. ಟ್ರ್ಯಾಕುಗಳು ಅಂಚು ಹಿಸುಕಿ ಅಗಲವಾಗಿದ್ದರೆ ಬಿಸಿ ಅಥವಾ ಒತ್ತಡ ಹೆಚ್ಚು, ತುಂಡು ತುಂಡಾಗಿ ಎದ್ದಿದ್ದರೆ ಕಡಿಮೆ ಅಥವಾ ಜಿಡ್ಡು, ಟ್ರ್ಯಾಕಿನ ನಡುವೆ ದುಂಡನೆಯ ಗುಳ್ಳೆ ಬಿದ್ದಿದ್ದರೆ ತೇವ. ಈ ಮೂರು ಗುರುತು ತಿಳಿದಿದ್ದರೆ ಯಾವುದನ್ನು ತಿದ್ದಬೇಕೆಂದು ಹುಡುಕಾಡಬೇಕಿಲ್ಲ. ಎ4 ಲ್ಯಾಮಿನೇಟರ್ ಇರುವವರು ಅದರಲ್ಲಿ ಎಂಟು ಹತ್ತು ಸಲ ಓಡಿಸಬಹುದು, ಒತ್ತಡ ಸಮವಾಗಿ ಬೀಳುತ್ತದೆ. ಆದರೆ 1.6 ಮಿ.ಮೀ. ದಪ್ಪ ನುಂಗದ ಯಂತ್ರಗಳೇ ಹೆಚ್ಚು, ಕೊಳ್ಳುವ ಮುಂಚೆ ಒಂದು ತುಂಡು ಒಯ್ದು ನೋಡಿ.

ಬೋರ್ಡು ಕೈಗೆ ಉಗುರುಬೆಚ್ಚಗಾಗುವ ತನಕ ಬಿಡಿ, ಆಮೇಲೆ ಒಂದು ಹನಿ ಪಾತ್ರೆ ಸಾಬೂನು ಹಾಕಿದ ನೀರಿನಲ್ಲಿ ಹದಿನೈದು ನಿಮಿಷ ಮುಳುಗಿಸಿ. ಕಾಗದವನ್ನು ಎಳೆದು ಕೀಳಬಾರದು. ಹೆಬ್ಬೆರಳಿನಿಂದ ಉರುಳಿಸಿ ಉರುಳಿಸಿ ಪದರ ಪದರವಾಗಿ ತೆಗೆಯಬೇಕು. ಟೋನರಿನ ಮೇಲೆ ಬಿಳಿ ನಾರು ಉಳಿದರೆ ಇರಲಿ. ಟ್ರ್ಯಾಕುಗಳ ನಡುವೆ, ಪ್ಯಾಡಿನ ನಡುಚುಕ್ಕೆಯಲ್ಲಿ ಉಳಿಯಬಾರದು, ಅಲ್ಲಿ ಹಳೆಯ ಟೂತ್‌ಬ್ರಷ್ ಹಿಡಿಯಿರಿ. ಒಣಗಿದ ಮೇಲೆ ಬಿಳಿ ನಾರು ಎದ್ದು ಕಾಣುತ್ತದೆ, ಒದ್ದೆಯಲ್ಲಿ ಕಾಣುವುದಿಲ್ಲ. ಹಾಗಾಗಿ ಒಣಗಿಸಿ ಮತ್ತೊಮ್ಮೆ ನೋಡಲೇಬೇಕು. ಕಡಿದ ಟ್ರ್ಯಾಕನ್ನು ಪರ್ಮನೆಂಟ್ ಮಾರ್ಕರಿನಿಂದ ಎರಡು ಸಲ ತಿದ್ದಿ, ಮೊದಲ ಗೆರೆ ಒಣಗಿದ ಮೇಲೆ ಎರಡನೆಯದು. ದೊಡ್ಡ ಜಾಗಕ್ಕೆ ಉಗುರಿನ ಬಣ್ಣ ಗಟ್ಟಿ. ಸೇರಿಕೊಂಡ ಟ್ರ್ಯಾಕನ್ನು ಈಗಲೇ ಸೂಜಿಯಿಂದ ಗೀರಿ ಬಿಡಿಸುವುದು ಸುಲಭ, ತಾಮ್ರವಾದ ಮೇಲೆ ಕಷ್ಟ.

ಫೆರಿಕ್ ಎಷ್ಟು ಬೇಕೆಂಬ ಲೆಕ್ಕವನ್ನು ಯಾರೂ ಹಾಕುವುದಿಲ್ಲ, ಹಾಕಿದರೆ ದುಡ್ಡೂ ಉಳಿಯುತ್ತದೆ, ಕೊಳೆಯೂ ಕಡಿಮೆ. 80 × 60 ಮಿ.ಮೀ. ಅಂದರೆ 48 ಚದರ ಸೆಂ.ಮೀ., 35 ಮೈಕ್ರಾನ್ ದಪ್ಪಕ್ಕೆ ಒಟ್ಟು ತಾಮ್ರ ಸುಮಾರು 1.5 ಗ್ರಾಂ. ಒಂದು ಗ್ರಾಂ ತಾಮ್ರ ಕರಗಿಸಲು ನೀರಿನಂಶವಿಲ್ಲದ ಫೆರಿಕ್ ಸುಮಾರು 5 ಗ್ರಾಂ, ಹರಳಿನ ರೂಪದ್ದಾದರೆ ಸುಮಾರು 8.5 ಗ್ರಾಂ ಬೇಕು. ಮೂರನೇ ಎರಡು ಭಾಗ ತಾಮ್ರ ಹೋಗಬೇಕಾದ ಈ ಬೋರ್ಡಿಗೆ ಹರಳು 9 ಗ್ರಾಂ ಸಾಕು. ಆದರೆ ಅರ್ಧ ಬಳಕೆಯಾಗುವಷ್ಟರಲ್ಲೇ ದ್ರಾವಣ ನಿಧಾನವಾಗುತ್ತದೆ, ಅದರಿಂದ 100 ಗ್ರಾಮಿನ ಒಂದು ಪೊಟ್ಟಣ ಇಂಥ ಐದಾರು ಬೋರ್ಡಿಗೆ ಬರುತ್ತದೆ ಎಂದಿಟ್ಟುಕೊಳ್ಳಿ. ಖಾಲಿ ಜಾಗವನ್ನೆಲ್ಲ ಗ್ರೌಂಡ್ ತಾಮ್ರದಿಂದ ತುಂಬಿಸಿದರೆ ಇನ್ನೂ ಹೆಚ್ಚು ಬರುತ್ತದೆ. ಆದರೆ ದೊಡ್ಡ ಕಪ್ಪು ಜಾಗದಲ್ಲಿ ಟೋನರಿಗೆ ಸೂಜಿತೂತು ಬೀಳುತ್ತದೆ, ಅದನ್ನು ಜಾಲರಿಯಾಗಿ ತುಂಬಿಸಿ.

250 ಮಿ.ಲೀ. ನೀರನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಅದಕ್ಕೆ ಫೆರಿಕ್ಕನ್ನು ಚೂರು ಚೂರಾಗಿ ಸೇರಿಸಿ. ಪುಡಿಯ ಮೇಲೆ ನೀರು ಸುರಿಯಬಾರದು, ಬಿಸಿಯೇರಿ ಸಿಡಿಯುತ್ತದೆ, ಉಸಿರು ಕಟ್ಟಿಸುವ ಆಮ್ಲದ ಹೊಗೆ ಬರುತ್ತದೆ. ರಬ್ಬರ್ ಕೈಗವಸು, ಕನ್ನಡಕ, ತೆರೆದ ಕಿಟಕಿ. ಲೋಹದ ಪಾತ್ರೆ ಬೇಡ. ಸ್ಟೀಲಿನ ಸಿಂಕನ್ನೂ ಅಲ್ಯೂಮಿನಿಯಂ ಕಿಟಕಿಯ ಚೌಕಟ್ಟನ್ನೂ ಅದು ತಿನ್ನುತ್ತದೆ, ಆದ್ದರಿಂದ ಈ ಕೆಲಸ ಬಚ್ಚಲಮನೆಯ ನೆಲದ ಮೇಲೆ, ದೊಡ್ಡ ಪ್ಲಾಸ್ಟಿಕ್ ತಟ್ಟೆಯೊಳಗೆ ಇಟ್ಟುಕೊಂಡೇ ನಡೆಯಲಿ. ಫೆರಿಕ್ ಬದಲು ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಸೇರಿಸಿ ಬಳಸಿದರೆ ಬೇಗ ಆಗುತ್ತದೆ ಎನ್ನುವವರಿದ್ದಾರೆ. ಮಕ್ಕಳು ಮರಿ ಇರುವ ಮುಂಬಯಿಯ ಫ್ಲ್ಯಾಟಿನೊಳಗೆ ಆ ಹೊಗೆ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

ಡಬ್ಬಿಯನ್ನು ಬಿಸಿನೀರಿನ ತೊಟ್ಟಿಯಲ್ಲಿಟ್ಟು 45 ಡಿಗ್ರಿಯ ಹತ್ತಿರ ತನ್ನಿ. ಬೋರ್ಡನ್ನು ಇಪ್ಪತ್ತು ಸೆಕೆಂಡು ಮುಳುಗಿಸಿ ಹೊರತೆಗೆದು ನೋಡಿ. ಬರಿ ತಾಮ್ರವೆಲ್ಲ ಹೊಳಪು ಕಳೆದುಕೊಂಡು ಮಂಕು ಗುಲಾಬಿಯಾಗಿರಬೇಕು. ಎಲ್ಲಾದರೂ ಹೊಳೆಯುತ್ತಿದ್ದರೆ ಅಲ್ಲಿ ಕಾಗದದ ಲೇಪ ಉಳಿದಿದೆ. ತೊಳೆದು, ಬ್ರಷ್ ಹಿಡಿದು, ಮತ್ತೆ ಮುಳುಗಿಸಿ. ಈ ಒಂದು ನೋಟ ತಪ್ಪಿಸಿದರೆ ಹತ್ತು ನಿಮಿಷದ ಮೇಲೆ ತಾಮ್ರದ ದ್ವೀಪಗಳು ಉಳಿದಿರುತ್ತವೆ. ಅವು ಹೋಗಲೆಂದು ಕಾದರೆ ಸಣ್ಣ ಟ್ರ್ಯಾಕುಗಳು ಪಕ್ಕದಿಂದ ಸವೆದು ಹೋಗುತ್ತವೆ. ತಾಮ್ರದ ಮುಖ ಕೆಳಗಿರಲಿ, ಕರಗಿದ ಕೆಸರು ತಾನೇ ಕಳಚಿ ಇಳಿಯುತ್ತದೆ. ಕೆಳಗೆ ಗಾಳಿಗುಳ್ಳೆ ಸಿಕ್ಕಿಕೊಳ್ಳದಂತೆ ಓರೆಯಾಗಿ ಇಳಿಸಿ, ಡಬ್ಬಿಯನ್ನು ತೂಗುತ್ತಲೇ ಇರಿ. ಹೊಸ ದ್ರಾವಣದಲ್ಲಿ ಹತ್ತು ನಿಮಿಷದ ಆಸುಪಾಸು, ತಣ್ಣಗಿದ್ದರೆ ಅರ್ಧ ಗಂಟೆಯೂ ಹಿಡಿಯಬಹುದು. ಮುಗಿದದ್ದು ಬೆಳಕಿಗೆ ಹಿಡಿದರೆ ತಿಳಿಯುತ್ತದೆ, ಎಫ್‌ಆರ್-4ರ ಮೂಲಕ ಟ್ರ್ಯಾಕಷ್ಟೇ ಕಪ್ಪಗೆ ಕಾಣಬೇಕು.

ಉಳಿದ ದ್ರಾವಣವನ್ನು ಪ್ಲಾಸ್ಟಿಕ್ ಮುಚ್ಚಳದ ಬಾಟಲಿಗೆ ತುಂಬಿ, ಹೆಸರು ಬರೆದು, ಉಪಕರಣಗಳ ಪೆಟ್ಟಿಗೆಯಿಂದ ದೂರ ಇಡಿ. ಅದರ ಹೊಗೆಗೆ ಪಕ್ಕದಲ್ಲಿರುವ ಇಕ್ಕಳ, ಡ್ರಿಲ್ ಎಲ್ಲ ತುಕ್ಕು ಹಿಡಿಯುತ್ತವೆ. ಸತ್ತ ದ್ರಾವಣ ಮೋರಿಗೆ ಹೋಗಬಾರದು, ಕರಗಿದ ತಾಮ್ರ ನೀರಿನ ಜೀವಿಗಳಿಗೆ ವಿಷ. ದೊಡ್ಡ ಬಕೆಟ್ಟಿನಲ್ಲಿ ಹಾಕಿ ವಾಷಿಂಗ್ ಸೋಡಾವನ್ನು ಚಮಚ ಚಮಚವಾಗಿ ಸೇರಿಸಿ. ನೊರೆ ಉಕ್ಕುತ್ತದೆ, ಅವಸರ ಬೇಡ. ಪಿಎಚ್ ಕಾಗದ 7ರಿಂದ 8 ತೋರಿಸಿದ ಮೇಲೆ ಒಂದು ರಾತ್ರಿ ಬಿಟ್ಟರೆ ತಾಮ್ರವೂ ಕಬ್ಬಿಣವೂ ಕೆಸರಾಗಿ ತಳ ಹಿಡಿಯುತ್ತವೆ. ಮೇಲಿನ ನೀರು ನೀಲಿ ಹಸಿರಿಲ್ಲದೆ ತಿಳಿಯಾಗಿದ್ದರೆ ಮಾತ್ರ ಚೆಲ್ಲಿ. ಕೆಸರನ್ನು ಒಣಗಿಸಿ ಚೀಲದಲ್ಲಿ ಕಟ್ಟಿಟ್ಟು ಅಪಾಯಕಾರಿ ಕಸದ ಜೊತೆ ಕೊಡಿ.

ಕೊರೆಯುವುದು ಟೋನರ್ ಇನ್ನೂ ಮೇಲಿರುವಾಗಲೇ ಆಗಲಿ, ತಾಮ್ರಕ್ಕೆ ಬೆರಳು ತಗುಲುವುದಿಲ್ಲ. ಐಸಿ, ರೆಸಿಸ್ಟರು, ಎಲ್‌ಇಡಿಗೆ 0.8 ಮಿ.ಮೀ., ಪಿನ್ ಹೆಡರಿಗೆ 1 ಮಿ.ಮೀ., ಸ್ಕ್ರೂ ಟರ್ಮಿನಲ್ಲಿಗೆ 1.3 ಮಿ.ಮೀ., ಮೂಲೆಯ ಎಮ್3 ಸ್ಕ್ರೂಗಳಿಗೆ 3.2 ಮಿ.ಮೀ. ಗಾಜಿನ ನಾರು ಸಾದಾ ಉಕ್ಕಿನ ಬಿಟ್ಟನ್ನು ಬೇಗ ಮೊಂಡು ಮಾಡುತ್ತದೆ, ಕಾರ್ಬೈಡ್ ಬಿಟ್ಟು ಕೈ ಸ್ವಲ್ಪ ಓರೆಯಾದರೂ ಮುರಿಯುತ್ತದೆ. ಕೈಡ್ರಿಲ್ಲಿಗೆ ಉಕ್ಕಿನದು, ಸ್ಟ್ಯಾಂಡ್ ಇದ್ದವರಿಗೆ ಕಾರ್ಬೈಡ್. ಮಾಸ್ಕ್ ಹಾಕಿಕೊಳ್ಳಿ, ಗಾಜಿನ ಧೂಳು ಶ್ವಾಸಕ್ಕೆ ಕೆಟ್ಟದ್ದು.

ಟೋನರನ್ನು ಅಸಿಟೋನಿನಿಂದ ಒರೆಸಿ. ಮಲ್ಟಿಮೀಟರಿನಿಂದ ಪಕ್ಕಪಕ್ಕದ ಟ್ರ್ಯಾಕುಗಳನ್ನು ಮುಟ್ಟಿ ಶಾರ್ಟ್ ಇಲ್ಲವೆಂದೂ, ಪ್ರತಿ ಟ್ರ್ಯಾಕಿನ ತುದಿಯಿಂದ ತುದಿಗೆ ಸಂಪರ್ಕ ಇದೆಯೆಂದೂ ನೋಡಿ. ನೋಡಿದ ಹೊತ್ತಿನಲ್ಲೇ 50 ಮಿ.ಲೀ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ 10 ಗ್ರಾಂ ರೋಸಿನ್ ಕರಗಿಸಿದ ದ್ರವವನ್ನು ತಾಮ್ರದ ಮುಖಕ್ಕೆ ಬ್ರಷ್ಷಿನಿಂದ ಬಳಿಯಿರಿ. ಗಾಳಿ ತಾಮ್ರಕ್ಕೆ ತಗುಲುವುದಿಲ್ಲ, ಬೆಸುಗೆ ಚೆನ್ನಾಗಿ ಹಿಡಿಯಲು ಬೇಕಾದ ಫ್ಲಕ್ಸೂ ಆಯಿತು.

ಬೆಸುಗೆ ಮುಗಿದ ಮೇಲೆ ಆ ರೋಸಿನ್ನನ್ನು ಪೂರ್ತಿ ತೊಳೆಯಬೇಕು. ಯುಎಲ್‌ಎನ್ 2803ರ ಒಳಗಿರುವುದು ಡಾರ್ಲಿಂಗ್ಟನ್ ಜೋಡಿ, ಅಂದರೆ ಸಣ್ಣ ಕರೆಂಟನ್ನು ಬಹಳ ಪಟ್ಟು ದೊಡ್ಡದು ಮಾಡುವ ಟ್ರಾನ್ಸಿಸ್ಟರುಗಳು, ಇನ್‌ಪುಟ್ಟಿಗೆ ಹತ್ತಾರು ಮೈಕ್ರೋ ಆಂಪಿಯರ್ ಸೋರಿ ಬಂದರೂ ಎಲ್‌ಇಡಿ ಮಂಕಾಗಿ ಹೊತ್ತಿಕೊಳ್ಳಬಹುದು. 12 ವೋಲ್ಟಿನ ಟರ್ಮಿನಲ್ಲಿಗೂ ಇನ್‌ಪುಟ್ಟಿಗೂ ನಡುವೆ ಕೊಳೆ ಹಿಡಿದ ಫ್ಲಕ್ಸು, ಅದರ ಮೇಲೆ ಮಳೆಗಾಲದ ತೇವ ಕೂತರೆ ಸೋರಿಕೆಗೆ ಅಷ್ಟೇ ಸಾಕು. ಟ್ಯಾಂಕು ಖಾಲಿಯಿದ್ದರೂ ದೀಪ ಉರಿಯುತ್ತದೆ. ನಡುವೆ ಗ್ರೌಂಡ್ ಟ್ರ್ಯಾಕು ಹಾಕಿಸಿದ್ದು ಇದಕ್ಕೆ, ಸೋರಿದ್ದು ಇನ್‌ಪುಟ್ಟನ್ನು ಮುಟ್ಟುವ ಮೊದಲೇ ಅಲ್ಲಿ ಇಳಿದುಹೋಗುತ್ತದೆ. ಆಲ್ಕೋಹಾಲಿನಲ್ಲಿ ಎರಡು ಸಲ ತೊಳೆದು ಒಣಗಿಸಿ, ಟ್ಯಾಂಕಿನ ತಂತಿ ಜೋಡಿಸದೆ 12 ವೋಲ್ಟ್ ಕೊಟ್ಟು, ಬೋರ್ಡಿನ ಕೆಳಮುಖಕ್ಕೆ ಬಾಯಿಯ ಹಬೆಯನ್ನು ನಿಧಾನವಾಗಿ ಊದಿ. ಒಂದು ಎಲ್‌ಇಡಿ ಮಿಣುಕಿದರೂ ಮತ್ತೆ ತೊಳೆಯಿರಿ. ಯಾವುದೂ ಮಿಣುಕದಿದ್ದರೆ ಟರ್ಮಿನಲ್ಲುಗಳಿಗೆ ಟೇಪು ಹಚ್ಚಿ, ಕೆಳಮುಖಕ್ಕೆ ಅಕ್ರಿಲಿಕ್ ಸ್ಪ್ರೇ ಎರಡು ತೆಳು ಪದರ ಹೊಡೆದು, ಒಂದು ಹಗಲು ಒಣಗಲು ಬಿಟ್ಟು ಪೆಟ್ಟಿಗೆಗೆ ಕೂರಿಸಿ.